ಬಾಟ್ಲಿ ಫೀಡರ್: ಮುಚ್ಚಳ ಟೈಟಾಗಿದ್ರೂ ಕಾಳು ಒದ್ದೆ ಆಗ್ತಿದೆ, ಗುಬ್ಬಿ ಬದ್ಲು ಬರೀ ಪಾರಿವಾಳ

ಮುಲುಂಡ್‌ಬಾಲ್ಕನಿ:
ಎಲ್ರಿಗೂ ನಮಸ್ಕಾರ. ನಮ್ದು ಮುಂಬೈನ ಮುಲುಂಡ್, ನಾಕನೇ ಮಹಡಿ, ಬಾಲ್ಕನಿ ಪಶ್ಚಿಮಕ್ಕೆ. ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟ್ಲಿಗೆ ಕಾಯಿಸಿದ ಮೊಳೆಯಲ್ಲಿ ತೂತು ಹೊಡ್ದು, ಎರಡು ಮರದ ಚಮಚ ಅಡ್ಡಡ್ಡ ತೂರಿಸಿ, ಚೆಲ್ಲೋ ಕಾಳು ಹಿಡೀಲಿ ಅಂತ ಕೆಳಗೆ ಶ್ರೀಖಂಡದ ಡಬ್ಬಿ ಮುಚ್ಚಳ ಅಂಟಿಸಿ, ಬಾಟ್ಲಿ ಮುಚ್ಚಳಕ್ಕೆ ತೂತು ಮಾಡಿ ಸುತ್ಲಿ ದಾರ ಕಟ್ಟಿ ಗ್ರಿಲ್‌ಗೆ ನೇತು ಹಾಕಿದೀನಿ. ಮೇ ತಿಂಗ್ಳು ಪೂರ್ತಿ ಏನೂ ತೊಂದ್ರೆ ಇರ್ಲಿಲ್ಲ. ಮಳೆ ಶುರುವಾದ್ಮೇಲೆ ನೋಡಿ, ನಾಕು ದಿನಕ್ಕೊಂದ್ಸಲ ತಳದ ಸಜ್ಜೆ ಮುದ್ದೆಯಾಗಿ ಹಸಿರು ಬೂಷ್ಟು ಹಿಡೀತಿದೆ, ಮೂಗಿಗೆ ಹಿಡಿದ್ರೆ ಹುಳಿ ಹಿಟ್ಟಿನ ವಾಸ್ನೆ. ಮುಚ್ಚಳ ತಿರುಗಿಸಿ ತಿರುಗಿಸಿ ಕೈ ನೋವು ಬಂತೇ ಹೊರ್ತು ನೀರು ನಿಲ್ಲಲ್ಲ. ಇದ್ರ ಮೇಲೆ ಪಾರಿವಾಳ ಆ ತಟ್ಟೆ ಮೇಲೇ ಸಂಸಾರ ಹೂಡಿವೆ, ಕೆಳಗಿನ ಮನೆಯೋರು ಒಣಗಿದ ಬಟ್ಟೆ ಮೇಲೆ ಹಿಕ್ಕೆ ಬಿತ್ತು ಅಂತ ಸೊಸೈಟಿ ಗ್ರೂಪಲ್ಲಿ ಫೋಟೋ ಸಮೇತ ಹಾಕಿದಾರೆ. ಬಾಟ್ಲಿ ಬದಲಾಯಿಸ್ಲಾ, ಇದನ್ನೇ ರಿಪೇರಿ ಮಾಡ್ಲಾ?

ಮಾಟುಂಗಾ_ಡಬ್ಬಾ:
ಬಾಟ್ಲಿ ಬಿಸಾಡ್ಬೇಡಿ ಮಾರಾಯ್ರೆ, ಮೊದ್ಲು ನೀರು ಎಲ್ಲಿಂದ ಬರ್ತದೆ ಅಂತ ಹಿಡೀರಿ. ಬಾಟ್ಲಿ ಖಾಲಿ ಮಾಡಿ ಒರೆಸಿ, ಒಳಗೆ ಸುತ್ತಲೂ ಪೇಪರ್ ತುಂಡು ತುರುಕಿ, ಮೊದಲಿನ ಹಾಗೇ ನೇತು ಹಾಕಿ ಒಂದು ಚೊಂಬು ನೀರನ್ನು ಗ್ರಿಲ್ ಮೇಲಿಂದ ಸುತ್ಲಿ ಗುಂಟ ನಿಧಾನ ಬಿಡಿ. ಎರಡನೇ ಚೊಂಬು ಬದಿಯಿಂದ ಚಮಚದ ಮೇಲೆ ಎರಚಿ. ಪೇಪರ್ ಯಾವ ಕಡೆ ಮೊದ್ಲು ಕಪ್ಪಾಗ್ತದೆ ಅಂತ ಇಲ್ಲಿ ಬರೀರಿ.

ಇನ್ನೊಂದು, ಆ ಬೂಷ್ಟು ಹಿಡಿದ ಕಾಳು ತೊಳೆದು ಒಣಗಿಸಿ ವಾಪಸ್ ಹಾಕುವ ಲೆಕ್ಕ ಉಂಟಾದ್ರೆ ಬೇಡ. ಅಂಥ ಬೂಷ್ಟಲ್ಲಿ ಅಫ್ಲಾಟಾಕ್ಸಿನ್ ಇರಬಹುದು, ತೊಳೆದ್ರೆ ಹೋಗುದಿಲ್ಲ, ಹಕ್ಕಿಗೆ ವಿಷ.

ಪುಣೆ_ಗುಬ್ಬಿಗೂಡು:
ಅಕ್ಕಾರ, ಪಾರಿವಾಳದ್ದು ನಾ ಹೇಳ್ತೀನಿ, ನಮ್ಮ ಕೋಥರೂಡಿನ್ಯಾಗೂ ಇದ ಹಣೇಬರ ಇತ್ತು. ನೀವು ಕೆಳಗ ಹಚ್ಚೀರಲ್ಲ ಶ್ರೀಖಂಡದ ಮುಚ್ಚಳ, ಅದು ಪಾರಿವಾಳಕ್ಕ ಊಟದ ಮಣಿ ಇದ್ದಂಗ. ಗುಬ್ಬಿ 30 ಗ್ರಾಂ ಆಜೂಬಾಜೂ, ಪಾರಿವಾಳ ಹತ್ರ ಹತ್ರ ಅದರ ಹತ್ತು ಪಟ್ಟು ತೂಕ, ಅದಕ್ಕ ಕಾಲೂರಾಕ ಅಗಲ ಜಾಗ ಬೇಕು. ತಟ್ಟಿ ಕಿತ್ತು ಒಗೀರಿ. ಚಮಚದ ಹಿಡಿಕಿ ಹೊರಗ ಒಂದು ಇಂಚು ಬಿಟ್ಟು ಕೊಯ್ದ್ ಹಾಕ್ರಿ, ಗುಬ್ಬಿಗೆ ಅಷ್ಟ ಸಾಕು. ಬಾಟ್ಲಿ ಪೂರ್ತಿ ತುಂಬಾದೂ ಬಿಡ್ರಿ, ಮುಂಜಾನೆ ನಾಕು ಚಮಚ ಕಾಳು ಹಾಕ್ರಿ, ಸಂಜಿಗೆ ನೆಲ ಗುಡಿಸ್ರಿ. ನೆಲದ ಮ್ಯಾಲೆ ಕಾಳು ಇರೂ ತನಕ ಪಾರಿವಾಳ ಬಿಡಂಗಿಲ್ಲ, ಫೀಡರ್ ಎಷ್ಟ ಚಂದ ಮಾಡಿದ್ರೂ.

ಮಾಟುಂಗಾ_ಡಬ್ಬಾ:
ಹೌದು, ಅದು ಬೇಗ ಮಾಡಿ. 2025ರ ಆಗಸ್ಟಲ್ಲಿ ದಾದರಿನ ಕಬೂತರ್‌ಖಾನಾಕ್ಕೆ, ಅದೇ ಪಾರಿವಾಳಕ್ಕೆ ಕಾಳು ಹಾಕುವ ಜಾಗಕ್ಕೆ, ಪಾಲಿಕೆಯವರು ತಾಡಪತ್ರಿ ಹೊದಿಸಿದ್ದು ನೆನಪುಂಟಲ್ಲ, ಅದಾದ್ಮೇಲೆ ಪಾರಿವಾಳಕ್ಕೆ ಕಾಳು ಹಾಕಿದ್ರೆ 500 ರೂಪಾಯಿ ದಂಡದ ವಿಷ್ಯ ಎಲ್ಲ ಸೊಸೈಟಿಯ ಬಾಯಲ್ಲೂ ಉಂಟು. ನಿಮ್ಮ ಗುಬ್ಬಿ ಯಾರ ಲೆಕ್ಕಕ್ಕೂ ಸಿಗುದಿಲ್ಲ, ಪಾರಿವಾಳದ ಫೋಟೋ ಮಾತ್ರ ಸಿಕ್ತದೆ. ಮತ್ತೆ ಒಣಗಿದ ಹಿಕ್ಕೆ ಹಾಗೇ ಗುಡಿಸ್ಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದು, ನೀರು ಚಿಮುಕಿಸಿ ಮಾಸ್ಕ್ ಹಾಕ್ಕೊಂಡು ತೆಗೀರಿ.

ಮುಲುಂಡ್‌ಬಾಲ್ಕನಿ:
ಟೆಸ್ಟ್ ಮಾಡ್ದೆ. ಎರಡೂ ಕಡೆಯಿಂದ ಬರ್ತಿದೆ! ಸುತ್ಲಿ ನೀರು ಹೀರ್ಕೊಂಡು ಮುಚ್ಚಳದ ತೂತಿಂದ ಸೀದಾ ಒಳಗೆ ಇಳೀತು, ಒಳಗಿನ ಗಂಟಿಂದ ತೊಟ್ಟಿಕ್ಕೋದು ಕಣ್ಣಾರೆ ನೋಡ್ದೆ. ಚಮಚದಲ್ಲೂ ಒಂದೇ ಒಂದು ಕಡೆ ಪೇಪರ್ ನೆನೀತು, ನೋಡಿದ್ರೆ ಆ ಚಮಚ ಸ್ವಲ್ಪ ಒಳಗಡೆಗೆ ವಾಲಿದೆ. ಮುಚ್ಚಳಕ್ಕೆ ಸುಮ್ನೆ ಬೈದೆ ಇಷ್ಟು ದಿನ. ಈಗ ಎಲ್ಲಾ ತೂತಿಗೂ ಎಮ್-ಸೀಲ್ ಮೆತ್ತಿಬಿಡ್ಲಾ? ಇರುವೆ ಬೇರೆ ಬರ್ತಾವೆ, ಪಕ್ಕದ ಆಂಟಿ ದಾರಕ್ಕೆ ಗ್ರೀಸ್ ಹಚ್ಚು ಅಂದ್ರು.

ಮಾಟುಂಗಾ_ಡಬ್ಬಾ:
ಗ್ರೀಸ್ ಬೇಡವೇ ಬೇಡ, ರೆಕ್ಕೆಗೆ ಮೆತ್ತಿದ್ರೆ ಹಕ್ಕಿಗೆ ಬಿಡಿಸ್ಲಿಕ್ಕೆ ಬರುದಿಲ್ಲ. ಕಾಳು ಚೂರು ಚೂರು ಹಾಕಿದ್ರೆ ಇರುವೆ ತಾನಾಗಿ ಕಮ್ಮಿ ಆಗ್ತದೆ.

ಸುತ್ಲಿ ತೆಗ್ದು ಸಣ್ಣ ತಂತಿ ಹಾಕಿ. ತಂತಿಗೂ ನೀರು ಇಳಿತದೆ, ಅದಕ್ಕೆ ಐದು ಲೀಟರ್ ಎಣ್ಣೆ ಕ್ಯಾನಿನ ತಳದ ಅರ್ಧ ಕತ್ತರಿಸಿ ಕೊಡೆ ತರ ಕವುಚಿ, ಮಧ್ಯ ತಂತಿ ತೂರಿಸಿ. ಎಮ್-ಸೀಲ್ ಅಲ್ಲಿಗೆ, ಮತ್ತೆ ಬಾಟ್ಲಿ ಮುಚ್ಚಳದ ತೂತಿಗೆ, ಅಷ್ಟೇ. ಒಂದು ರಾತ್ರಿ ಮುಟ್ಟಬೇಡಿ. ನಮ್ಮಲ್ಲಿ ಜೂನಿಂದ ಗಾಳಿ ಪಶ್ಚಿಮ, ನೈಋತ್ಯದಿಂದಲೇ, ನಿಮ್ಮ ಬಾಲ್ಕನಿಗೆ ಮಳೆ ಅಡ್ಡ ಬಾರಿಸ್ತದೆ, ಹಾಗಾಗಿ ಕೊಡೆ ಇದ್ರೂ ಒಂಚೂರು ನೀರು ನುಗ್ಗಿಯೇ ನುಗ್ತದೆ. ತಳಕ್ಕೆ ಕಾದ ದಬ್ಬಣದಲ್ಲಿ ನಾಕೈದು ಸಣ್ಣ ತೂತು ಬೇಕೇ ಬೇಕು, ಕಾಳಿಗಿಂತ ಚಿಕ್ಕದು. ಚಮಚ ಎರಡೂ ಹೊರಗಡೆಗೆ ಇಳಿಜಾರು ಇರ್ಲಿ, ಚಮಚದ ಬಾಯಿ ಇರುವ ಕಡೆ ತೂತು ಸ್ವಲ್ಪ ದೊಡ್ಡದು, ಅಲ್ಲಿಂದಲೇ ಕಾಳು ಇಳೀಬೇಕು.

ಪುಣೆ_ಗುಬ್ಬಿಗೂಡು:
ವಾರಕ್ಕೊಮ್ಮೆ ಬಿಸಿನೀರಾಗ ತೊಳದು ಬಿಸಿಲಿಗೆ ಇಡ್ರಿ, ಬಿಸಿಲು ಇಲ್ಲಂದ್ರ ಫ್ಯಾನಿನ ಕೆಳಗ. ಹಸಿ ಬಾಟ್ಲಿಗೆ ಕಾಳು ಸುರುವಿದ್ರ ಮತ್ತ ಅದ ಕತಿ.

ಮುಲುಂಡ್‌ಬಾಲ್ಕನಿ:
ಎರಡು ವಾರ ಆಯ್ತು. ನಡುವೆ ಮೂರು ದಿನ ಜಡಿಮಳೆ, ಆದ್ರೂ ತಳ ಒಣ ಒಣ, ಬೆರಳಿಗೆ ಕಾಳು ಅಂಟಲ್ಲ. ಪಾರಿವಾಳ ಮೊದಮೊದ್ಲು ಬಂದು ಒಂದಿಂಚಿನ ಹಿಡಿಕೆ ಮೇಲೆ ಕೂರೋಕ್ಕೆ ರೆಕ್ಕೆ ಬಡ್ದು ಬಡ್ದು ಜಾರಿ, ಈಗ ಎದುರು ಬಿಲ್ಡಿಂಗ್ ಎಸಿ ಮೇಲೆ ಕೂತು ನನ್ನನ್ನೇ ದಿಟ್ಟಿಸ್ತಾವೆ. ಗುಬ್ಬಿ ಇನ್ನೂ ಬಂದಿಲ್ಲ. ಆದ್ರೆ ನಿನ್ನೆ ಬೆಳಿಗ್ಗೆ ಎರಡು ಪುಟಾಣಿ ಹಕ್ಕಿ ಬಂದ್ವು, ಕಂದು ಬೆನ್ನು, ಎದೆ ಮೇಲೆ ಮೀನಿನ ಪೊರೆ ತರ ಗೀಟು, ಕೊಕ್ಕು ದಪ್ಪ. ಸಜ್ಜೆ ಕಚ್ಚಿ ಕಚ್ಚಿ ಬಿಟ್ವು.

ಪುಣೆ_ಗುಬ್ಬಿಗೂಡು:
ಅವು ಚುಕ್ಕಿ ರಾಟವಾಳ ಇರಬೇಕ್ರಿ! ಇವಕ್ಕ ಹುಲ್ಲಿನ ಬೀಜ ಅಂದ್ರ ಪಂಚಪ್ರಾಣ, ನವಣಿ ಹಾಕಿ ನೋಡ್ರಿ.

ಮುಲುಂಡ್‌ಬಾಲ್ಕನಿ:
ನವಣೆ ಹಾಕ್ದೆ, ಸಜ್ಜೆಗೆ ಮಾಡಿದ ತೂತಲ್ಲಿ ಅದು ನೀರಿನ ತರ ಸುರಿದುಹೋಯ್ತು, ಅರ್ಧ ನೆಲದ ಪಾಲು.

ಮಾಟುಂಗಾ_ಡಬ್ಬಾ:
ಆ ತೂತಿಗೆ ಮೇಲಿಂದ ಅರ್ಧ ಮುಚ್ಚುವ ಹಾಗೆ ಹೊರಗಡೆ ಟೇಪ್ ಅಂಟಿಸಿ, ಚಮಚದ ಬಾಯಿ ತುಂಬಿದ ಕೂಡ್ಲೇ ಇಳಿಯುದು ನಿಲ್ತದೆ. ನೆಲ ಮಾತ್ರ ಈಗಲೇ ಗುಡಿಸಿ, ಎದುರು ಎಸಿ ಮೇಲೆ ಕೂತವು ನೋಡ್ತಾ ಉಂಟು.