ಜಾವಾ ಬಾಟಿಕ್, ಮಲೇಷ್ಯಾ ಬಾಟಿಕ್: ಒಂದೇ ಕಾರ್ಯಾಗಾರದಲ್ಲಿ ಎರಡೂ ಮಾಡಿಸಬಹುದೇ?

ಮಾಟುಂಗಾ ಕನ್ನಡಿಗ
ಜನವರಿಯಲ್ಲಿ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಎರಡು ದಿನದ ಪ್ರದರ್ಶನ ಇಟ್ಟುಕೊಂಡಿದ್ದೇವೆ. ಇಂಡೊನೇಷ್ಯಾ ಮತ್ತು ಮಲೇಷ್ಯಾದ ಬಾಟಿಕ್ (ಮೇಣ ಹಚ್ಚಿದ ಕಡೆ ಬಣ್ಣ ಹಿಡಿಯದಂತೆ ಮಾಡಿ ಬಟ್ಟೆಗೆ ಬಣ್ಣ ಹಾಕುವ ಕಲೆ) ಕೃತಿಗಳು ಅಕ್ಕಪಕ್ಕ, ಜೊತೆಗೆ 20 ಜನರಿಗೆ ಕಾರ್ಯಾಗಾರ. ಎರಡರಲ್ಲೂ ಮೇಣ ಹಚ್ಚಿ ಬಣ್ಣ ಹಾಕುವುದೇ ತಾನೇ, ಒಂದೇ ಸಾಮಾನು ಸಾಕೇ? ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ತಿಳಿದವರು ಹೇಳಿ.

ಮೇಣದ ಗೆರೆ
ಮೇಣ, ಚಾಂಟಿಂಗ್ (ಮೇಣ ಸುರಿಯುವ ಪುಟ್ಟ ತಾಮ್ರದ ಮೂತಿಯ ಕಡ್ಡಿ) ಎರಡಕ್ಕೂ ಒಂದೇ ಸರ್. ಬಣ್ಣ ಹಾಕುವ ಕ್ರಮ ಮಾತ್ರ ಪೂರ್ತಿ ಬೇರೆ.

ಮಧ್ಯ ಜಾವಾದ ಹಳೆಯ ಪದ್ಧತಿಯಲ್ಲಿ ಬಟ್ಟೆಯ ಎರಡೂ ಮಗ್ಗುಲಿಗೆ ಮೇಣ ಹಚ್ಚಿ ನೀಲಿಯಲ್ಲಿ ಅದ್ದುತ್ತಾರೆ. ಕಂದು ಬರಬೇಕಾದ ಕಡೆ ಮೇಣ ಕೆರೆದು, ನೀಲಿ ಉಳಿಯಬೇಕಾದ ಕಡೆ ಮತ್ತೆ ಮುಚ್ಚಿ, 'ಸೋಗ' ಎಂಬ ಕಂದಿನಲ್ಲಿ ಅದ್ದುತ್ತಾರೆ. ಕೊನೆಗೆ ಕುದಿನೀರಿನಲ್ಲಿ ಮೇಣ ಬಿಡಿಸುತ್ತಾರೆ. ಮಲೇಷ್ಯಾದ ಕೆಲಂತಾನ್, ತೆರೆಂಗಾನು ಕಡೆಯ ಕೈಬರಹದ ಬಾಟಿಕ್‌ನಲ್ಲಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಮೇಣದಿಂದ ಬರಿಯ ಹೊರಗೆರೆ ಎಳೆದು, ಒಳಗೆ ಕುಂಚದಿಂದ ಬಣ್ಣ ತುಂಬುತ್ತಾರೆ. ಗೆರೆ ಎಲ್ಲಾದರೂ ತುಂಡಾಗಿದ್ದರೆ ಬಣ್ಣ ಪಕ್ಕದ ಭಾಗಕ್ಕೆ ನುಗ್ಗುತ್ತದೆ.

ಪ್ರದರ್ಶನದಲ್ಲಿ ಕೃತಿಗಳ ಕೆಳಗೆ ಹಾಕುವ ಫಲಕದ ಬಗ್ಗೆ ಒಂದು ಮಾತು. 'ಇದು ಯಾರದು' ಎಂಬ ಜಗಳಕ್ಕೆ ದಾರಿ ಮಾಡಬೇಡಿ. ಇಂಡೊನೇಷ್ಯಾದ ಬಾಟಿಕ್ 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ನಿಜ. ಮಲೇಷ್ಯಾದ ಪೆನಾಂಗ್‌ನ ಕಲಾವಿದ ಚುವಾ ತಿಯಾನ್ ತೆಂಗ್ 1950ರ ದಶಕದಲ್ಲಿ ಅದೇ ಮೇಣವನ್ನು ಚಿತ್ರಕಲೆಗೆ ತಂದದ್ದೂ ಅಷ್ಟೇ ನಿಜ. 1927ರಲ್ಲಿ ಟಾಗೋರರು ಜಾವಾಕ್ಕೆ ಹೋಗಿಬಂದ ಮೇಲೆ ಶಾಂತಿನಿಕೇತನದಲ್ಲೂ ಬಾಟಿಕ್ ಬೇರೂರಿತು. ಪ್ರತಿ ಕೃತಿಯ ಕೆಳಗೆ ದೇಶಕ್ಕಿಂತ ಮೊದಲು ವಿಧಾನ ಬರೆಯಿರಿ: ಅದ್ದಿದ್ದೋ, ಕುಂಚದ್ದೋ, ತಾಮ್ರದ ಅಚ್ಚಿನದೋ.

ಬಣ್ಣದ ಹಂಡೆ
20 ಜನರಿಗೆ ತಲಾ 45 ಸೆಂ.ಮೀ. ಚೌಕದ ಅಪ್ಪಟ ಹತ್ತಿ ಬಟ್ಟೆ ಸಾಕು, ಮಂಗಲದಾಸ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಬಿಸಿನೀರು, ವಾಷಿಂಗ್ ಸೋಡಾದಲ್ಲಿ ಒಗೆದು ಗಂಜಿ ತೆಗೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಮೇಣ 2 ಕೆಜಿ: ಜೇನುಮೇಣ, ಪ್ಯಾರಾಫಿನ್ ಸಮಸಮ. ಪ್ಯಾರಾಫಿನ್ ಹೆಚ್ಚಾದರೆ ಬಿರುಕು ಬಿಟ್ಟು ಬಣ್ಣ ಒಳಗಿಳಿಯುತ್ತದೆ.

ಶಾಖದ ಪರೀಕ್ಷೆ ಕಣ್ಣಲ್ಲೇ ಆಗುತ್ತದೆ. ಗೆರೆ ಎಣ್ಣೆ ಕಾಗದದಂತೆ ಕಂಡು ಹಿಂಬದಿಗೂ ಇಳಿದಿದ್ದರೆ ಸರಿ. ಹಾಲಿನಂತೆ ಬೆಳ್ಳಗೆ ಮೇಲೇ ನಿಂತರೆ ಮೇಣ ತಣ್ಣಗಾಗಿದೆ, ಅಂಥ ಗೆರೆಯಡಿ ಬಣ್ಣ ಸೋರುವುದು ಖಂಡಿತ. ಹೊಗೆ ಕಂಡರೆ ಕೂಡಲೇ ಒಲೆ ಆರಿಸಿ. ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಮುಚ್ಚಳ ಮುಚ್ಚಬೇಕು.

ಕುಂಚದ ಕೆಲಸಕ್ಕೆ ರಿಯಾಕ್ಟಿವ್ ಬಣ್ಣ (ಹತ್ತಿಯ ನೂಲಿಗೇ ಬೆಸೆದುಕೊಳ್ಳುವ ಬಣ್ಣ) ಬಳಸಿ. ಅದು ಪೂರ್ತಿ ಒಣಗಿದ ಮೇಲೆ, ಬಣ್ಣ ನಿಲ್ಲಿಸುವ ಸೋಡಿಯಂ ಸಿಲಿಕೇಟ್ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಿ. ಒದ್ದೆ ಇರುವಾಗಲೇ ಬಳಿದರೆ ಬಣ್ಣ ಹರಡುತ್ತದೆ, ಮುಚ್ಚದೆ ಬಿಟ್ಟರೆ ಗಾಜಿನಂತೆ ಗಟ್ಟಿಯಾಗಿ ತೊಳೆಯುವುದೇ ಕಷ್ಟ. ಮರುದಿನ ಜಾರುವಿಕೆ ಹೋಗುವವರೆಗೆ ತೊಳೆದು, ಆಮೇಲೆ ಕುದಿಸಿ. ಆ ನೀರನ್ನು ಮೋರಿಗೆ ಚೆಲ್ಲಬೇಡಿ. ಆರಿದ ಮೇಲೆ ಮೇಣ ತೇಲಿ ಗಟ್ಟಿಯಾಗುತ್ತದೆ, ಎತ್ತಿಟ್ಟುಕೊಳ್ಳಿ. ಕಾರ್ಯಾಗಾರದಲ್ಲಿ ಜಾವಾ ಕ್ರಮಕ್ಕೆ ಒಂದೇ ಅದ್ದು ಸಾಕು, ತಣ್ಣೀರಿನ ಬಣ್ಣದಲ್ಲಿ.

ಪಣಜಿ ಅಕ್ಕ
ಮೊಳೆ ಇಲ್ಲದಿದ್ದರೆ ನಿಲ್ಲುವ ಚೌಕಟ್ಟಿಗೆ ವೆಲ್ಕ್ರೊ ಅಂಟಿಸಿ. ಅದರ ಜೋಡಿ ಪಟ್ಟಿಯನ್ನು 5 ಸೆಂ.ಮೀ. ಹತ್ತಿ ಪಟ್ಟಿಗೆ ಹೊಲಿದು, ಆ ಪಟ್ಟಿಯನ್ನು ಮಾತ್ರ ಕೃತಿಯ ಹಿಂಬದಿಗೆ ಕೈಹೊಲಿಗೆಯಲ್ಲಿ ಸೇರಿಸಿ. ಕ್ಲಿಪ್ ಹಾಕಿದರೆ ಭಾರವೆಲ್ಲ ಎರಡೇ ಕಡೆ ಬಿದ್ದು ನೂಲು ಜಗ್ಗುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ಮಡಚದೆ ಸುತ್ತಿ ಇಡಿ.

ಕೃತಿಗಳು ಎಟಿಎ ಕಾರ್ನೆಯಲ್ಲಿ (ಸುಂಕ ಕಟ್ಟದೆ ತಾತ್ಕಾಲಿಕವಾಗಿ ತಂದು ವಾಪಸ್ ಒಯ್ಯುವ ಕಸ್ಟಮ್ಸ್ ದಾಖಲೆ) ಬರುವುದಾದರೆ ಮಾರಾಟ ಮಾಡುವಂತಿಲ್ಲ. ಪಟ್ಟಿಯಲ್ಲಿರುವ ಅಳತೆ, ಸಂಖ್ಯೆ ಪೆಟ್ಟಿಗೆಯೊಳಗಿನದಕ್ಕೆ ಕರಾರುವಾಕ್ಕಾಗಿ ಹೊಂದಬೇಕು.

ಮಾಟುಂಗಾ ಕನ್ನಡಿಗ
ಹಾಗಾದರೆ ಮೊದಲ ದಿನ ಮೇಣ, ಬಣ್ಣ, ಸಿಲಿಕೇಟ್. ಎರಡನೇ ದಿನ ತೊಳೆದು ಕುದಿಸುವುದು. ರೇಷ್ಮೆ ಮೇಲೂ ಮಾಡಿಸಬಹುದೇ?

ಬಣ್ಣದ ಹಂಡೆ
ಬೇಡ ಸರ್. ಸಿಲಿಕೇಟ್ ಕ್ಷಾರ, ರಾತ್ರಿಯಿಡೀ ಬಿಟ್ಟರೆ ರೇಷ್ಮೆಯ ಹೊಳಪು ಕುಂದಬಹುದು. ಹೊಸಬರಿಗೆ ಹತ್ತಿಯೇ ಇರಲಿ.