ಅಗ್ಗದ ಸೂಪರ್‌ಮಾರ್ಕೆಟ್‌ನಲ್ಲಿ ಒಳ್ಳೇ ಮಾಲು: ಅದೃಷ್ಟವೋ, ಲೆಕ್ಕಾಚಾರವೋ?

ಚೀಲದವಳು:
ಅಗ್ಗದ ಸೂಪರ್‌ಮಾರ್ಕೆಟ್‌ನಲ್ಲಿ ಕೊಂಡು ತಂದು, ‘ಅರೆ, ಇಷ್ಟು ಚೆನ್ನಾಗಿದೆಯಾ!’ ಅನ್ನಿಸಿದ್ದು ಯಾವುದು? ಸುಮ್ನೆ ಹೆಸರು ಹೇಳಿ ಹೋಗಬೇಡಿ, ಯಾಕೆ ಚೆನ್ನಾಗಿದೆ ಅಂತಲೂ ಬರೆಯಿರಿ. ನನ್ನದು ಮೊದಲು: ಅಂಗಡಿಯ ಸ್ವಂತ ಬ್ರ್ಯಾಂಡಿನ ಕಪ್ಪು ಚಾಕೊಲೇಟ್, ಶೇ. 70 ಕೋಕೋ ಇರುವುದು. ಹೊದಿಕೆ ನೋಡಿದರೆ ಕೈಗೆತ್ತಿಕೊಳ್ಳಬೇಕು ಅನ್ನಿಸುವುದೇ ಇಲ್ಲ. ಮುರಿದರೆ ಮಾತ್ರ ಟಕ್ ಅಂತ ಸದ್ದು ಬರುತ್ತದೆ, ಬಾಯಲ್ಲಿ ತಾನಾಗಿ ಕರಗುತ್ತದೆ, ಅಂಗುಳಕ್ಕೆ ಜಿಡ್ಡು ಅಂಟುವುದಿಲ್ಲ. ಹಿಂದೆ ಬರೆದಿರುವುದು ನಾಲ್ಕೇ ಸಾಮಗ್ರಿ: ಕೋಕೋ ಮಾಸ್ (ಅಂದರೆ ಅರೆದ ಕೋಕೋ ಬೀಜ), ಸಕ್ಕರೆ, ಕೋಕೋ ಬೆಣ್ಣೆ, ವೆನಿಲಾ. ಇದರ ದುಪ್ಪಟ್ಟು ಬೆಲೆಯ, ಜಾಹೀರಾತಿನಲ್ಲಿ ಮಿಂಚುವ ಚಾಕೊಲೇಟಿನ ಪಟ್ಟಿ ಓದಿ ನೋಡಿ. ಇಷ್ಟು ಚಿಕ್ಕದಾಗಿರುವುದಿಲ್ಲ.

ಗೊಣಗಪ್ಪ:
ಮೇಡಂ, ಅಗ್ಗಕ್ಕೆ ಕೊಡುತ್ತಾರೆ ಅಂದರೆ ಎಲ್ಲೋ ಒಂದು ಕಡೆ ಕತ್ತರಿ ಬಿದ್ದಿದೆ ಅಂತಲೇ ಅರ್ಥ. ಯಾರೂ ಕೈಯಿಂದ ಹಾಕಿ ವ್ಯಾಪಾರ ಮಾಡುವುದಿಲ್ಲ. ಒಂದು ಸಲ ಚೆನ್ನಾಗಿ ಸಿಕ್ಕಿದ್ದನ್ನು ಹಿಡಿದು ಹಾಡಿ ಹೊಗಳುತ್ತೀರಿ. ಅದೇ ಅಂಗಡಿಯಿಂದ ಕೊಂಡು, ತಿನ್ನಲಾಗದೆ ಕಸಕ್ಕೆ ಹಾಕಿದ್ದರ ಲೆಕ್ಕ ಯಾರು ಇಡುತ್ತಾರೆ?

ಸಣ್ಣಕ್ಷರ:
ಗೊಣಗಪ್ಪನವರೇ, ಕತ್ತರಿ ಬಿದ್ದಿರುವುದು ನಿಜ. ಎಲ್ಲಿ ಅನ್ನುವುದೇ ಪ್ರಶ್ನೆ. ಈ ಬಗೆಯ ಅಂಗಡಿಗೆ ದಾರಿ ಹಾಕಿದ್ದು ಜರ್ಮನಿಯ ಆಲ್ಡಿ. ಎಸೆನ್ ಊರಿನಲ್ಲಿ ತಾಯಿ ನಡೆಸುತ್ತಿದ್ದ ಚಿಕ್ಕ ಅಂಗಡಿಯನ್ನು ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಅನ್ನುವ ಅಣ್ಣತಮ್ಮಂದಿರು 1946ರಲ್ಲಿ ವಹಿಸಿಕೊಂಡರು. ಅವರು ಕತ್ತರಿ ಹಾಕಿದ್ದು ಎಲ್ಲಿ ನೋಡಿ. ದೊಡ್ಡ ಸೂಪರ್‌ಮಾರ್ಕೆಟ್ 30,000ದ ಆಸುಪಾಸು ಬಗೆಯ ಸರಕು ಇಟ್ಟರೆ, ಇಂಥ ಅಂಗಡಿ ಇಡುವುದು ಒಂದೂವರೆ ಎರಡು ಸಾವಿರ. ಕೆಚಪ್ ಅಂದರೆ ಒಂದೋ ಎರಡೋ ಬಗೆ, ಇಪ್ಪತ್ತಲ್ಲ. ಹಾಗಾಗಿ ಆ ಒಂದೇ ಬಗೆಯನ್ನು ರಾಶಿಗಟ್ಟಲೆ ಕೊಳ್ಳುತ್ತಾರೆ, ದರ ಇಳಿಯುತ್ತದೆ. ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗ ಹರಿದು ಹಾಗೇ ಶೆಲ್ಫಿಗೆ ತಳ್ಳುತ್ತಾರೆ, ಒಂದೊಂದೇ ಜೋಡಿಸಲು ಆಳು ಬೇಡ. ಪ್ಯಾಕೆಟ್ಟಿನ ಎರಡು ಮೂರು ಮಗ್ಗುಲಲ್ಲಿ ಬಾರ್‌ಕೋಡ್ ಹಾಕಿಸುತ್ತಾರೆ, ಬಿಲ್ ಮಾಡುವವರು ತಿರುಗಿಸಿ ಹುಡುಕುತ್ತಾ ಕೂರಬೇಕಿಲ್ಲ. ಜಾಹೀರಾತಿಗೆ ಸುರಿಯುವ ದುಡ್ಡೂ ಕಡಿಮೆ. ಇದರಲ್ಲಿ ಯಾವುದೂ ಚಾಕೊಲೇಟಿನ ರುಚಿ ಕೆಡಿಸುವ ಕತ್ತರಿ ಅಲ್ಲ, ಅಲ್ವಾ?

ತಿಂಡಿಪೋತ:
ಆ ಅಣ್ಣತಮ್ಮಂದಿರು ಬಿಲ್ ಕೌಂಟರಿನಲ್ಲಿ ಸಿಗರೇಟು ಮಾರಬೇಕೋ ಬೇಡವೋ ಅಂತ ಜಗಳ ಆಡಿ ವ್ಯಾಪಾರವನ್ನೇ ಪಾಲು ಮಾಡಿಕೊಂಡರಂತೆ. ಉತ್ತರಕ್ಕೊಂದು ಆಲ್ಡಿ, ದಕ್ಷಿಣಕ್ಕೊಂದು ಆಲ್ಡಿ. ನಮ್ಮಲ್ಲಿ ಆಸ್ತಿ ಪಾಲಿಗೆ ಕೊಡುವ ಕಾರಣಗಳಿಗಿಂತ ಇದೇ ವಾಸಿ.

ಗೊಣಗಪ್ಪ:
ಕತೆ ಚೆನ್ನಾಗಿದೆ. ಆದರೆ ಸಣ್ಣಕ್ಷರ ಅವರು ಅಂಗಡಿಯ ಖರ್ಚಿನ ಬಗ್ಗೆ ಹೇಳಿದರು, ಮಾಲಿನ ಬಗ್ಗೆ ಹೇಳಲಿಲ್ಲ. ಅಗ್ಗದ ಚಾಕೊಲೇಟಿಗೆ ಬೇರೆ ಎಣ್ಣೆ ಬೆರೆಸುವುದು ಸುಳ್ಳಾ?

ಸಣ್ಣಕ್ಷರ:
ಸುಳ್ಳಲ್ಲ. ಆದರೆ ಬೆಲೆಗೂ ಅದಕ್ಕೂ ನಂಟು ನೀವು ಅಂದುಕೊಂಡಷ್ಟು ನೇರ ಇಲ್ಲ. ಯುರೋಪಿನ ನಿಯಮದ ಪ್ರಕಾರ ಚಾಕೊಲೇಟಿಗೆ ಕೋಕೋ ಬೆಣ್ಣೆಯ ಜೊತೆಗೆ ಶೇ. 5ರವರೆಗೆ ಬೇರೆ ಸಸ್ಯಜನ್ಯ ಕೊಬ್ಬು ಸೇರಿಸಬಹುದು, ಸೇರಿಸಿದ್ದನ್ನು ಹೊದಿಕೆಯ ಮೇಲೆ ಹೇಳಲೇಬೇಕು. ಯಾವ ಕೊಬ್ಬು ಅಂತಲೂ ಆರು ಹೆಸರಿನ ಪಟ್ಟಿ ಇದೆ. ಅದರಲ್ಲಿ ತಾಳೆ, ಆಫ್ರಿಕದ ಶಿಯಾ ಮರದ ಬೀಜ ಇವುಗಳ ಜೊತೆಗೆ ನಮ್ಮ ಮುರುಗಲು ಬೀಜದ ಕೊಬ್ಬೂ ಇದೆ, ಮಾವಿನ ಓಟೆಯ ಕೊಬ್ಬೂ ಇದೆ! ಈ ಕೊಬ್ಬನ್ನು ಅಗ್ಗದವರೂ ಬಳಸಬಹುದು, ದುಬಾರಿಯವರೂ ಬಳಸಬಹುದು. ಬೆಲೆ ನೋಡಿ ಊಹಿಸುವುದು ಬಿಟ್ಟು ಪಟ್ಟಿ ಓದಿದರೆ ಆಯಿತು. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ.

ಹೊಸಬ:
ಪಟ್ಟಿ ಓದಿ ರುಚಿ ತಿಳಿಯುತ್ತದಾ? ನನಗೆ ಅನುಮಾನ.

ಸೌಟು:
ಹೊಸಬ, ಪೂರ್ತಿ ತಿಳಿಯುವುದಿಲ್ಲ. ಆದರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಬೇಡ ಅನ್ನುವುದು ತಿಳಿಯುತ್ತದೆ. ನಾನು ಹೊಟ್ಟೆಪಾಡಿಗೆ ಅಡುಗೆ ಮಾಡುವವನು. ಉಪ್ಪು, ಸಕ್ಕರೆ, ಮೈದಾ, ಅಡುಗೆ ಸೋಡಾ ಇದಕ್ಕೆಲ್ಲ ಬ್ರ್ಯಾಂಡಿನ ಬೆಲೆ ಕೊಡುವ ಅಡುಗೆಯವರು ಕಡಿಮೆ. ಇದು ನನ್ನೊಬ್ಬನ ಮಾತಲ್ಲ. ಅಮೆರಿಕದ ಮನೆಗಳ ಖರೀದಿ ಲೆಕ್ಕ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬಾಣಸಿಗರು ತಮ್ಮ ಮನೆಗೆ ಇಂಥ ಸಾಮಾನು ಕೊಳ್ಳುವಾಗ ಉಳಿದವರಿಗಿಂತ ಜಾಸ್ತಿ ಅಂಗಡಿಯ ಸ್ವಂತ ಬ್ರ್ಯಾಂಡನ್ನೇ ಎತ್ತಿಕೊಳ್ಳುತ್ತಾರೆ ಅಂತ ಅದರಲ್ಲಿದೆ. ಔಷಧದಂಗಡಿಯವರು ತಲೆನೋವಿನ ಮಾತ್ರೆ ಕೊಳ್ಳುವಾಗಲೂ ಹೀಗೇ. ಒಳಗಿನ ವಿಷಯ ಗೊತ್ತಿದ್ದವರು ಹೆಸರಿಗೆ ದುಡ್ಡು ಕೊಡುವುದಿಲ್ಲ.

ನನ್ನ ಆಯ್ಕೆ ಡಬ್ಬಿ ಟೊಮೆಟೊ, ಅದೂ ಇಡೀ ಹಣ್ಣು ಇರುವುದು. ತುಂಡು ಮಾಡಿ ತುಂಬಿದ್ದಕ್ಕೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ, ತುಂಡು ಗಟ್ಟಿಯಾಗಿ ನಿಲ್ಲಲಿ ಅಂತ. ಅದರಿಂದ ಅಪಾಯವೇನಿಲ್ಲ, ಆದರೆ ಸಾಸ್ ಮಾಡಲು ಎಷ್ಟು ಹೊತ್ತು ಕುದಿಸಿದರೂ ಚೌಕ ಚೌಕವಾಗಿ ಹಾಗೇ ತೇಲುತ್ತಿರುತ್ತದೆ. ಇಡೀ ಹಣ್ಣಿನ ಡಬ್ಬಿ ತೆಗೆದು ಕೈಯಲ್ಲೇ ಹಿಸುಕಿ ಹಾಕಿ, ಸ್ವಲ್ಪ ಹೊತ್ತಿಗೆ ಒಂದಾಗಿ ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಟೊಮೆಟೊ ಮತ್ತು ಟೊಮೆಟೊ ರಸ, ಇಷ್ಟೇ ಬರೆದಿದ್ದರೆ ಅಗ್ಗದ್ದನ್ನೇ ತನ್ನಿ.

ಇನ್ನೊಂದು, ಪಾಸ್ತಾ. ಪ್ಯಾಕೆಟ್ಟಿನ ಪಾರದರ್ಶಕ ಭಾಗದಲ್ಲಿ ನೋಡಿ. ನುಣ್ಣಗೆ, ಹಳದಿಯಾಗಿ ಹೊಳೆಯುತ್ತಿದ್ದರೆ ಅದನ್ನು ಟೆಫ್ಲಾನ್ ಅಚ್ಚಿನಲ್ಲಿ ಒತ್ತಿರುತ್ತಾರೆ. ಮಂಕಾಗಿ, ಮೇಲೆ ಹಿಟ್ಟು ಉದುರಿಸಿದಂತೆ ಒರಟಾಗಿದ್ದರೆ ಕಂಚಿನ ಅಚ್ಚು. ಆ ಒರಟಿಗೇ ಸಾಸ್ ಹಿಡಿದುಕೊಳ್ಳುವುದು. ಕಂಚಿನ ಅಚ್ಚಿನದು ಈಗ ಅಗ್ಗದ ಅಂಗಡಿಯ ಸ್ವಂತ ಬ್ರ್ಯಾಂಡಿನಲ್ಲೂ ಬರುತ್ತದೆ, ಮೂಲೆಯಲ್ಲಿ ಇಟ್ಟಿರುತ್ತಾರೆ, ಬಗ್ಗಿ ನೋಡಬೇಕು.

ಚೀಲದವಳು:
ಬಗ್ಗಿ ನೋಡಬೇಕು ಅಂದಿದ್ದು ಸರಿ. ಕಣ್ಣಿನ ಮಟ್ಟದ ಶೆಲ್ಫಿನಲ್ಲಿ ನನಗೆ ಬೇಕಾದ್ದು ಸಿಕ್ಕಿದ್ದೇ ಅಪರೂಪ.

ಒಂದೇಮಾತು:
ಎಲ್ಲಾ ಒಂದೇ ಫ್ಯಾಕ್ಟರಿಯಲ್ಲಿ ತಯಾರಾಗುವುದು ರೀ. ಸ್ಟಿಕ್ಕರ್ ಬೇರೆ ಅಷ್ಟೆ. ಇಷ್ಟೊಂದು ಚರ್ಚೆ ಯಾಕೆ?

ಸಣ್ಣಕ್ಷರ:
ಈ ಮಾತು ಎಲ್ಲ ಕಡೆ ಓಡಾಡುತ್ತದೆ, ಅರ್ಧ ಮಾತ್ರ ನಿಜ. ಯುರೋಪಿನಲ್ಲಿ ಹಾಲು, ಚೀಸ್, ಮಾಂಸದ ಪ್ಯಾಕೆಟ್ಟಿನ ಮೇಲೆ ಒಂದು ಪುಟ್ಟ ಮೊಟ್ಟೆಯಾಕಾರದ ಗುರುತು ಇರುತ್ತದೆ. ಅದರೊಳಗೆ ದೇಶದ ಅಕ್ಷರ, ಘಟಕದ ಸಂಖ್ಯೆ. ದುಬಾರಿ ಬೆಣ್ಣೆಯದ್ದೂ ಅಗ್ಗದ ಬೆಣ್ಣೆಯದ್ದೂ ಸಂಖ್ಯೆ ಒಂದೇ ಆಗಿದ್ದರೆ ಎರಡೂ ಒಂದೇ ಘಟಕದಿಂದ ಬಂದವು. ಅಷ್ಟಕ್ಕೇ ‘ಒಂದೇ ಮಾಲು’ ಅಂದುಬಿಡಲಾಗದು. ಒಂದೇ ಒಲೆಯಲ್ಲಿ ಬೆಳಗ್ಗೆ ಒಂದು ಅಳತೆಯಲ್ಲಿ, ಮಧ್ಯಾಹ್ನ ಇನ್ನೊಂದು ಅಳತೆಯಲ್ಲಿ ಮಾಡಬಹುದಲ್ಲ. ಬೆಣ್ಣೆಯಂಥದ್ದರಲ್ಲಿ ಅಳತೆ ಬದಲಿಸಲು ಜಾಗ ಕಡಿಮೆ. ಬಿಸ್ಕತ್ತು, ಮೊಸರಿನ ಸಿಹಿ, ರೆಡಿಮೇಡ್ ಊಟದಲ್ಲಿ ಬೇಕಾದಷ್ಟು ಜಾಗ.

ಚೀಸ್‌ನಲ್ಲೂ ಹೀಗೇ. ಪಾರ್ಮಿಜಾನೊ ರೆಜ್ಜಾನೊ ಅನ್ನುವ ಹೆಸರು ಹಾಕಬೇಕಾದರೆ ಇಟಲಿಯ ಗೊತ್ತಾದ ಪ್ರದೇಶದಲ್ಲೇ ಮಾಡಿರಬೇಕು, ಕನಿಷ್ಠ 12 ತಿಂಗಳು ಹಣ್ಣಾಗಿಸಿರಬೇಕು. ಈ ಕಾನೂನು ಮಾರುವ ಅಂಗಡಿ ಯಾವುದು ಅಂತ ಕೇಳುವುದಿಲ್ಲ. ಅಗ್ಗದ ಅಂಗಡಿಯ ತುಂಡಿನ ಸಿಪ್ಪೆಯ ಮೇಲೂ ಅದೇ ಹೆಸರು ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಕಾಣುತ್ತದೆ. ತುರಿದು ಡಬ್ಬಿಗೆ ತುಂಬಿದ, ಸುಮ್ನೆ ‘ಗಟ್ಟಿ ಚೀಸ್’ ಅಂತ ಬರೆದಿದ್ದು ಬೇರೆ ಕತೆ.

ಗೊಣಗಪ್ಪ:
ಸರಿ, ಈಗ ನನ್ನ ಸರದಿ. ಈಚೆಗೆ ಅಂಥ ಒಂದು ಅಂಗಡಿಯಿಂದ (ಹೆಸರು ಬೇಡ) ಹಣ್ಣಿನ ಪೈ ತಂದೆ. ಪೆಟ್ಟಿಗೆಯ ಮೇಲೆ ಬೆರಿ ಹಣ್ಣುಗಳ ರಾಶಿ. ಕೊಯ್ದರೆ ಒಳಗೆ ಬಣ್ಣದ ಗಂಜಿ. ಪಟ್ಟಿ ಓದಿದೆ ಸ್ವಾಮಿ, ಓದಿಲ್ಲ ಅಂತ ಅಂದೀರಿ. ಸೇಬು ಮೊದಲು, ಪಿಷ್ಟ ಆಮೇಲೆ, ಬೆರಿ ಕೊನೆಯ ಸಾಲಿನಲ್ಲಿ. ಫ್ರೋಜನ್ ಸಿಗಡಿ ಇನ್ನೂ ಚೆಂದ. ಕರಗಿಸಲು ಇಟ್ಟರೆ ಬಟ್ಟಲಿನ ತುಂಬ ನೀರು, ಸಿಗಡಿ ತಳದಲ್ಲಿ.

ಸೌಟು:
ಸಿಗಡಿಗೆ ಹಿಮದ ಲೇಪ ಕೊಡುವುದು ಒಣಗದಿರಲಿ ಅಂತ. ಆದರೆ ಲೇಪ ದಪ್ಪ ಮಾಡಿ ತೂಕ ಹೆಚ್ಚಿಸುವವರೂ ಇದ್ದಾರೆ. ಲೇಪ ಬಿಟ್ಟ ತೂಕ ಎಷ್ಟು ಅಂತ ಬರೆದಿದ್ದರೆ ಅದನ್ನೇ ಹಿಡಿದು ಬೆಲೆ ಲೆಕ್ಕ ಹಾಕಿ. ಕೆಲವು ಸಲ ಅಗ್ಗದ ಪ್ಯಾಕೆಟ್ ದುಬಾರಿ ಆಗಿಬಿಡುತ್ತದೆ. ಪೈ ವಿಷಯದಲ್ಲಿ ನಿಮ್ಮ ಪರ ನಾನು. ಹಿಟ್ಟು, ಹೂರಣ, ಅಂಟು, ಬಣ್ಣ ಅಂತ ಹತ್ತು ಕೈ ದಾಟಿ ಬರುವ ತಿನಿಸಿನಲ್ಲಿ ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ಉಳಿಸಬಹುದು. ಬರೀ ಬಟಾಣಿಯಲ್ಲಿ ಏನು ಉಳಿಸುತ್ತಾರೆ?

ಅಂದ ಹಾಗೆ ಫ್ರೋಜನ್ ಬಟಾಣಿ ಯಾರೂ ಹೇಳಲೇ ಇಲ್ಲ. ಬಟಾಣಿ ಕಿತ್ತ ಗಳಿಗೆಯಿಂದ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಫ್ರೋಜನ್‌ಗೆ ಹೋಗುವುದನ್ನು ಕೆಲವೇ ಗಂಟೆಗಳಲ್ಲಿ ಬಿಸಿನೀರು ತೋರಿಸಿ ಹೆಪ್ಪುಗಟ್ಟಿಸುತ್ತಾರೆ. ಹಾಗಾಗಿ ದಿನಗಟ್ಟಲೆ ಪ್ರಯಾಣ ಮಾಡಿ ಅಂಗಡಿ ಸೇರಿದ ‘ತಾಜಾ’ ಬಟಾಣಿಗಿಂತ ಇದೇ ಸಿಹಿ. ಕಾಳು ಚಿಕ್ಕದಿದ್ದಷ್ಟೂ ಎಳಸು. ಪ್ಯಾಕೆಟ್ ಹಿಡಿದು ಅಲ್ಲಾಡಿಸಿ. ಕಾಳುಗಳು ಗಲಗಲ ಅಂದರೆ ಸರಿ, ಒಂದೇ ಗಡ್ಡೆಯಾಗಿದ್ದರೆ ನಡುವೆ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಬಿಟ್ಟುಬಿಡಿ.

ತಿಂಡಿಪೋತ:
ಬಟಾಣಿಗೆ ಇಷ್ಟುದ್ದ, ಐಸ್‌ಕ್ರೀಮಿಗೆ ಒಂದು ಸಾಲೂ ಇಲ್ಲ! ನಾನು ಡಬ್ಬ ಕೊಳ್ಳುವಾಗ ಎರಡು ಬ್ರ್ಯಾಂಡಿನದನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡುತ್ತೇನೆ. ಜನ ನೋಡಿ ನಗುತ್ತಾರೆ, ನಗಲಿ. ಐಸ್‌ಕ್ರೀಮಿನ ಅಗ್ಗದ ಸಾಮಗ್ರಿ ಅಂದರೆ ಗಾಳಿ. ಅಮೆರಿಕದ ನಿಯಮದಲ್ಲಿ ಗ್ಯಾಲನ್‌ಗೆ ಕನಿಷ್ಠ ನಾಲ್ಕೂವರೆ ಪೌಂಡ್ ತೂಗಬೇಕು ಅಂತಿದೆ, ಲೀಟರಿಗೆ ಸುಮಾರು 540 ಗ್ರಾಂ ಆಯಿತು. ಅಂದರೆ ಹೆಚ್ಚುಕಡಿಮೆ ಅರ್ಧ ಡಬ್ಬ ಗಾಳಿ ತುಂಬಿ ಮಾರಿದರೂ ಕಾನೂನು ಕೇಳುವುದಿಲ್ಲ. ಅಗ್ಗದ ಅಂಗಡಿಯ ಸ್ವಂತ ವೆನಿಲಾ ಒಮ್ಮೆ ಹಿಡಿದು ನೋಡಿದರೆ ಪಕ್ಕದ ಹೆಸರುವಾಸಿ ಡಬ್ಬಕ್ಕಿಂತ ಭಾರ! ಸಾಮಗ್ರಿಯಲ್ಲಿ ಹಾಲು, ಕೆನೆ, ಸಕ್ಕರೆ, ಮೊಟ್ಟೆಯ ಹಳದಿ. ಮನೆಗೆ ತಂದ ಮೇಲೆ ಯಾರಿಗೂ ಹೇಳಲಿಲ್ಲ, ಫ್ರೀಜರಿನಲ್ಲಿ ಬಟಾಣಿಯ ಹಿಂದೆ ಬಚ್ಚಿಟ್ಟೆ.

ನಿಧಾನ:
ಎಲ್ಲರೂ ಕೊಳ್ಳುವವರ ಕಡೆಯಿಂದಲೇ ಮಾತಾಡುತ್ತಿದ್ದೀರಿ. ಬೆಳೆದವರ, ತಯಾರಿಸಿದವರ ಕಡೆಯಿಂದಲೂ ನೋಡಿ. ರಾಶಿಗಟ್ಟಲೆ ಕೊಳ್ಳುವವನ ಕೈಯಲ್ಲಿ ಜಾಟಿ ಇರುತ್ತದೆ. ಕೊನೆ ಗಳಿಗೆಯಲ್ಲಿ ಆರ್ಡರ್ ರದ್ದು, ಹಣ ಕೊಡಲು ತಿಂಗಳುಗಟ್ಟಲೆ ಸತಾಯಿಸುವುದು, ಇವೆಲ್ಲ ಎಷ್ಟು ನಡೆಯುತ್ತಿತ್ತು ಅಂದರೆ ಯುರೋಪಿಯನ್ ಒಕ್ಕೂಟ 2019ರಲ್ಲಿ ಇದಕ್ಕೇ ಕಾನೂನು ತರಬೇಕಾಯಿತು. ಬೇಗ ಕೆಡುವ ಸರಕಿನ ದುಡ್ಡನ್ನು 30 ದಿನದೊಳಗೆ ಕೊಡಲೇಬೇಕು ಅಂತ ಅದರಲ್ಲಿದೆ. ಬ್ರಿಟನ್ನಿನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಮೇಲೆ ಕಣ್ಣಿಡಲು 2013ರಿಂದ ಒಬ್ಬ ಅಧಿಕಾರಿಯೇ ಇದ್ದಾರೆ. ನಿಮ್ಮ ಚಾಕೊಲೇಟ್ ಎಷ್ಟೇ ಚೆನ್ನಾಗಿರಲಿ, ಅಗ್ಗವಾದದ್ದು ಯಾರ ಜೇಬಿನಿಂದ ಅಂತ ಕೇಳಬೇಕಲ್ಲ.

ಸಣ್ಣಕ್ಷರ:
ಕೇಳಬೇಕು, ಒಪ್ಪುತ್ತೇನೆ. ಆದರೆ ದುಬಾರಿ ಬ್ರ್ಯಾಂಡಿಗೆ ಕೊಟ್ಟ ಹೆಚ್ಚಿನ ದುಡ್ಡು ಕೋಕೋ ಬೆಳೆದವರ ಕೈಗೆ ಹೋಗುತ್ತದೆ ಅಂತ ಯಾರು ಹೇಳಿದರು? ಜಾಹೀರಾತಿಗೂ ಹೊದಿಕೆಗೂ ಹೋಗುವುದೂ ಇದೆಯಲ್ಲ. ಆ ಎರಡು ಕಾನೂನೂ ಅಗ್ಗದ ಅಂಗಡಿಗೆ ಮಾತ್ರ ಅಂತ ಬಂದದ್ದಲ್ಲ. ದೊಡ್ಡ ಕೊಳ್ಳುಗರು ಯಾರಿದ್ದರೂ ಅನ್ವಯ.

ನಿಧಾನ:
ದುಬಾರಿಯವರು ಸಾಚಾ ಅಂತ ನಾನು ಹೇಳಲಿಲ್ಲ. ಅಗ್ಗದ ಬೆಲೆಯಲ್ಲಿ ಹಿಂಡಲು ಒತ್ತಡ ಜಾಸ್ತಿ ಅಂದೆ. ಎರಡೂ ಬೇರೆ.

ಸೌಟು:
ಹಿಂಡದೆಯೂ ಅಗ್ಗ ಆಗುವುದುಂಟು, ನಿಧಾನ ಅವರೇ. ಅಮೆರಿಕದ ಟ್ರೇಡರ್ ಜೋಸ್ ಅನ್ನುವ ಅಂಗಡಿಗಳನ್ನು ನೋಡಿ. ಜೋ ಕೂಲೊಂಬ್ ಅನ್ನುವವರು 1967ರಲ್ಲಿ ಶುರು ಮಾಡಿದ್ದು, 1979ರಲ್ಲಿ ಆಲ್ಡಿಯ ಅದೇ ಥಿಯೋ ಆಲ್ಬ್ರೆಕ್ಟ್ ಕೊಂಡುಕೊಂಡರು. ದೊಡ್ಡ ಸೂಪರ್‌ಮಾರ್ಕೆಟ್‌ಗಳಿಗೆ ವರ್ಷವಿಡೀ ಒಂದೇ ಸಮ ಸರಬರಾಜು ಬೇಕು. ಹೆಚ್ಚಾಗಿ ಉಳಿದ, ಸಾಕಷ್ಟು ಪ್ರಮಾಣ ಸಿಗದ ಒಳ್ಳೇ ಮಾಲು ಅವರಿಗೆ ಬೇಡ. ಕೂಲೊಂಬ್ ಅದನ್ನೇ ನಗದು ಕೊಟ್ಟು ಎತ್ತಿಕೊಂಡರು, ಮುಗಿದರೆ ಮುಗಿಯಿತು. ಮಾರುವವನಿಗೂ ಉಪಕಾರ, ಕೊಳ್ಳುವವನಿಗೂ ಲಾಭ. ಅಗ್ಗದ ಅಂಗಡಿಯಲ್ಲಿ ಒಂದು ವಾರ ಸಿಕ್ಕ ಚೀಸ್ ಮುಂದಿನ ವಾರ ಮಾಯವಾದರೆ ಬೈಯಬೇಡಿ. ಅಷ್ಟು ಚೆನ್ನಾಗಿದ್ದದ್ದು ಆ ಬೆಲೆಗೆ ಸಿಕ್ಕಿದ್ದೇ ಅದು ಒಂದೇ ಸಲದ ಮಾಲು ಆಗಿದ್ದಕ್ಕೆ.

ಹೊಸಬ:
ಬಾಲ್ಸಾಮಿಕ್ ವಿನೆಗರ್, ಅದೇ ಇಟಲಿಯ ಕಪ್ಪು ಸಿಹಿಹುಳಿ ವಿನೆಗರ್, ಅದರ ಬಗ್ಗೆ ಯಾರಾದರೂ ಹೇಳಿ. ಅದರಲ್ಲಿ ಅಗ್ಗದ್ದು ತರಬಹುದಾ?

ಸಣ್ಣಕ್ಷರ:
ತರಬಹುದು. ಇಟಲಿಯ ಮೊಡೆನಾ ಊರಿನದ್ದು ಅಂತ ಇರಲಿ, ಪಟ್ಟಿಯಲ್ಲಿ ದ್ರಾಕ್ಷಿ ರಸದ ಪಾಕ ಮೊದಲು, ವೈನ್ ವಿನೆಗರ್ ಆಮೇಲೆ ಬರಲಿ. ತಿರುಗುಮುರುಗಾಗಿದ್ದರೆ ಹುಳಿ ಜಾಸ್ತಿ, ತೆಳು. ಸ್ವಂತ ಬ್ರ್ಯಾಂಡಿನ ಎರಡು ಬಾಟಲಿ ಅಕ್ಕಪಕ್ಕ ಇದ್ದರೆ ಎರಡನ್ನೂ ತಿರುಗಿಸಿ ಓದಿ. ಕೆಲವು ಕಡೆ ಚಿಕ್ಕ ಬಾಟಲಿಯಲ್ಲಿ ಮಾತ್ರ ಒಳ್ಳೆಯದು ಇರುತ್ತದೆ.

ಗೊಣಗಪ್ಪ:
ಸರಿಯಪ್ಪ, ಚಾಕೊಲೇಟ್, ಬಟಾಣಿ, ಟೊಮೆಟೊ ಒಪ್ಪಿದೆ. ಪೈ ಮಾತ್ರ ಈ ಜನ್ಮದಲ್ಲಿ ಇಲ್ಲ. ಮೇಡಂ, ಆ 70ರ ಚಾಕೊಲೇಟಿನ ಹೊದಿಕೆ ಯಾವ ಬಣ್ಣ?

ಚೀಲದವಳು:
ಕಂದು. ಕೆಳಗಿನ ಶೆಲ್ಫು, ಬಲಗಡೆ.