ಮಗಳ ಜ್ಞಾನಸ್ನಾನ (ಬ್ಯಾಪ್ಟಿಸಂ): ತವರಿನವರನ್ನು ಹೇಗೆ ಸೇರಿಸಿಕೊಳ್ಳೋದು?

ಇರೋದು ದಾವಣಗೆರೆ, ಮಗಳಿಗೆ ನಾಲ್ಕು ತಿಂಗಳು. ಮನೆಯವರು ಕಥೋಲಿಕರು, ನನ್ನ ತವರು ಚಿತ್ರದುರ್ಗದ ಲಿಂಗಾಯತರ ಮನೆ. ಹರಿಹರದ ಆರೋಗ್ಯಮಾತೆ ಚರ್ಚಿನಲ್ಲಿ ಮಾಡಿಸೋಣ ಅಂತ ಅತ್ತೆ, ನಮ್ಮಣ್ಣನೇ ಜ್ಞಾನತಂದೆ (ಗಾಡ್‌ಫಾದರ್) ಆಗಲಿ ಅಂತ ಅವ್ವ. ಆಗುತ್ತಾ? ಏನೇನು ತಯಾರಿ ಬೇಕು? ಗೊತ್ತಿದ್ದವರು ಹೇಳಿ.

— ಅಣ್ಣ ಜ್ಞಾನತಂದೆ ಆಗೋಕೆ ಬರಲ್ಲ ಅಕ್ಕ. ಕಥೋಲಿಕರೇ ಆಗಿರಬೇಕು, 16 ತುಂಬಿರಬೇಕು, ಪರಮಪ್ರಸಾದ (ಕಮ್ಯೂನಿಯನ್), ದೃಢೀಕರಣ (ಕನ್ಫರ್ಮೇಶನ್) ಎರಡೂ ಆಗಿರಬೇಕು. ಹೆತ್ತವರೂ ಆಗುವಂತಿಲ್ಲ. ಒಬ್ಬರಿದ್ದರೂ ಸಾಕು, ಇಬ್ಬರಾದರೆ ಒಂದು ಗಂಡು ಒಂದು ಹೆಣ್ಣು. ಪ್ರೊಟೆಸ್ಟೆಂಟ್ ಸಂಬಂಧಿಕರಿದ್ದರೆ ಕಥೋಲಿಕ ಜ್ಞಾನತಂದೆ ಅಥವಾ ಜ್ಞಾನತಾಯಿ ಜೊತೆ ಸಾಕ್ಷಿಯಾಗಿ ನಿಲ್ಲಬಹುದು. ಚಿನ್ನ ಹಾಕುವವರನ್ನು ಹುಡುಕಬೇಡಿ, ಮಗು ಮೊದಲ ಪರಮಪ್ರಸಾದದ ತರಗತಿಗೆ ಹೋಗೋ ವಯಸ್ಸಿನಲ್ಲೂ ಕೈಗೆ ಸಿಗುವವರನ್ನು ನೋಡಿ. ಬೇರೆ ಊರಿನವರಾದರೆ ಅವರ ಫಾದರ್ ಹತ್ತಿರ ಒಂದು ಪತ್ರ ತರಿಸಿ.

— ಹರಿಹರದ ವಿಷಯ. ಮಗುವಿಗೆ ತಂದೆ-ತಾಯಿಯ ಧರ್ಮಕೇಂದ್ರದಲ್ಲೇ, ಅಂದರೆ ಅವರು ಸೇರಿರೋ ಚರ್ಚಿನಲ್ಲೇ (ಪ್ಯಾರಿಷ್), ಜ್ಞಾನಸ್ನಾನ ಅನ್ನೋದು ವಾಡಿಕೆ ನಿಯಮ. ಬೇರೆ ಕಡೆ ಬೇಕಂದರೆ ನಿಮ್ಮ ಫಾದರ್ ಒಪ್ಪಿಗೆ ಪತ್ರ ಕೊಡಬೇಕು. ದಾವಣಗೆರೆ, ಹರಿಹರ ಎರಡೂ ಶಿವಮೊಗ್ಗ ಧರ್ಮಕ್ಷೇತ್ರಕ್ಕೇ (ಡಯೋಸಿಸ್) ಸೇರಿದ ಊರು, ಕಷ್ಟವೇನಿಲ್ಲ. ಆದರೆ ಸೆಪ್ಟೆಂಬರ್ 8ರ ಹಬ್ಬದ ಆಸುಪಾಸು ಬೇಡವೇ ಬೇಡ, ಆ ಜಾತ್ರೆಯಲ್ಲಿ ಕೂಸು ಹೈರಾಣಾಗುತ್ತೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲೂ ಬಹಳ ಕಡೆ ಮುಂದಕ್ಕೆ ಹಾಕ್ತಾರೆ. ಎಲ್ಲಿ ಮಾಡಿಸಿದರೂ ಆ ಚರ್ಚಿನ ಪುಸ್ತಕದಲ್ಲೇ ಹೆಸರು ಇರುತ್ತೆ. ಮುಂದೆ ದೃಢೀಕರಣ, ಮದುವೆ ಎಲ್ಲ ಅದೇ ಪುಟದ ಅಂಚಿನಲ್ಲಿ ಬರೀತಾರೆ, ಮದುವೆ ಹೊತ್ತಿಗೆ ಹೊಸ ಪ್ರತಿ ಅಲ್ಲಿಂದಲೇ ತರಬೇಕು. ಹಾಗಾಗಿ ಸಹಿ ಹಾಕುವ ಮೊದಲು ಜನನ ಪ್ರಮಾಣಪತ್ರ ಪಕ್ಕದಲ್ಲಿಟ್ಟುಕೊಂಡು ಇನಿಷಿಯಲ್, ಇಂಗ್ಲಿಷ್ ಅಕ್ಷರ, ಹುಟ್ಟಿದ ತಾರೀಖು ಒಂದೊಂದೇ ತಾಳೆ ನೋಡಿ.

— ಬಟ್ಟೆ ಮುಂದೆ ಗುಂಡಿ ಇರೋದೇ ಹೊಲಿಸಿ. ಮೊದಲ ತೈಲ ಎದೆಗೆ ಹಚ್ತಾರೆ. ಹಿಂದೆ ಜಿಪ್ ಇರೋ ಫ್ರಾಕ್ ಆದರೆ ಅಲ್ಲೇ ಬಿಚ್ಚಾಡಬೇಕು, ಮಗು ಕಿರುಚುತ್ತೆ. ನೆಟ್ಟು, ಲೇಸು ಕುತ್ತಿಗೆಗೆ ಚುಚ್ಚುತ್ತೆ, ಮೆತ್ತನೆ ಹತ್ತಿ ಸಾಕು. ಹಾಲು ಮುಕ್ಕಾಲು ಗಂಟೆ ಮೊದಲೇ ಕುಡಿಸಿ. ತಲೆ ತಗ್ಗಿಸಿ ಹಿಡಿದಾಗ ಕಕ್ಕೋದು ಹೊಟ್ಟೆ ತುಂಬಿದ ಕೂಸೇ. ನೀರು ಮೂರು ಸಲ ಸುರೀತಾರೆ, ಕತ್ತಿನ ಕೆಳಗೆ ಅಂಗೈ ಕೊಟ್ಟು ಮುಖ ಮೇಲೆ ಮಾಡಿ ಹಿಡೀರಿ. ಚಳಿ ದಿನ ಆದರೆ ಬೆಚ್ಚಗಿನ ನೀರು ಕೇಳೋಕೆ ಸಂಕೋಚ ಬೇಡ. ಮೇಣದಬತ್ತಿ ಅಪ್ಪನೇ ಹಿಡಿಯಲಿ, ಸೀರೆ ಸೆರಗಿನವರ ಕೈಗೆ ಬೇಡ.

— ತವರಿನವರ ಬಗ್ಗೆ. ಚರ್ಚಿನ ಪೂಜೆಯೊಳಗೇ (ಮಾಸ್) ಜ್ಞಾನಸ್ನಾನ ಇದ್ದರೆ ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಹೋಗುವಾಗ ಅವರೂ ಪ್ರಸಾದ ಅಂತ ಸಾಲಿಗೆ ನಿಲ್ತಾರೆ. ಅದು ಕಥೋಲಿಕರಿಗಷ್ಟೇ, ಅಲ್ಲಿ ತಡೆದರೆ ಅವಮಾನ. ಹಿಂದಿನ ದಿನವೇ ಮೆಲ್ಲಗೆ ಹೇಳಿಡಿ, ಇಲ್ಲಾ ಪೂಜೆ ಇಲ್ಲದೆ ಬೇರೆಯಾಗಿ ಮಾಡಿಕೊಡಿ ಅಂತ ಫಾದರ್‌ನ ಕೇಳಿ. ಅಜ್ಜ-ಅಜ್ಜಿ ಮುಂದಿನ ಬೆಂಚಲ್ಲಿ ಕೂರಲಿ, ಮುಗಿದ ಮೇಲೆ ತಲೆ ಮೇಲೆ ಕೈಯಿಟ್ಟು ಹರಸಲಿ. ಸೋದರಮಾವನ ತೊಡೆ ಮೇಲೆ ಕೂರಿಸಿ ಕಿವಿ ಚುಚ್ಚಿಸೋಕೆ ಯಾವ ಅಡ್ಡಿಯೂ ಇಲ್ಲ, ಅದೇ ದಿನ ಮಾತ್ರ ಬೇಡ. ಲಿಂಗಧಾರಣೆ ಮಾತು ಎತ್ತಿದರೆ ಅದು ಬೇರೆ; ಅದೂ ಒಂದು ದೀಕ್ಷೆ, ಬರೀ ಹಾರೈಕೆ ಅಲ್ಲ. ಚರ್ಚಿನಲ್ಲಿ ಮಗುವನ್ನು ಆ ವಿಶ್ವಾಸದಲ್ಲೇ ಬೆಳೆಸ್ತೀವಿ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತೆ, ಗಂಡ-ಹೆಂಡತಿ ಮೊದಲೇ ಕೂತು ತೀರ್ಮಾನ ಮಾಡಿ.

— ಊಟಕ್ಕೆ ಸಸ್ಯಾಹಾರದ ಒಲೆ, ಪಾತ್ರೆ, ಬಡಿಸೋ ಸೌಟು ಎಲ್ಲ ಬೇರೆ. ಆ ಪಂಕ್ತಿಯೇ ಮೊದಲು ಕೂರಲಿ.

— ಇನ್ನೊಂದು. ಮಗುವಿಗೆ ಜೀವಾಪಾಯ ಬಂದರೆ ಫಾದರ್‌ಗೆ ಕಾಯಬೇಕಿಲ್ಲ, ಯಾರು ಬೇಕಾದರೂ ತಲೆಗೆ ನೀರು ಸುರಿದು ‘ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಅನ್ನಬಹುದು. ‘ನಾನು’ ಬದಲು ‘ನಾವು’ ಅಂದರೆ ಆ ಜ್ಞಾನಸ್ನಾನ ಸಿಂಧು ಅಲ್ಲ ಅಂತ ವ್ಯಾಟಿಕನ್ 2020ರಲ್ಲಿ ಸ್ಪಷ್ಟ ಮಾಡಿದೆ. ಮಗು ಚೇತರಿಸಿಕೊಂಡ ಮೇಲೆ ಚರ್ಚಿನಲ್ಲಿ ಉಳಿದ ವಿಧಿ ಮಾತ್ರ ನಡೆಯುತ್ತೆ, ನೀರು ಮತ್ತೆ ಸುರಿಯಲ್ಲ.